ದೇವರ ಹಿಪ್ಪರಗಿಯಲ್ಲಿ ಇಳಿದವರಿಗೆ

ವಿಜಯಪುರಕ್ಕೆ ಬರುವ ಪ್ರವಾಸಿಗರ ದಿನ ಹೆಚ್ಚುಕಡಿಮೆ ಒಂದೇ ಥರ ಕಳೆಯುತ್ತದೆ. ಬೆಳಿಗ್ಗೆ ಗೋಳಗುಮ್ಮಟ, ಮೇಲೆ ಹತ್ತಿ ಗೋಡೆಗೆ ಕಿವಿಗೊಟ್ಟು ಒಂದು ಕೂಗು. ಆಮೇಲೆ ಇಬ್ರಾಹಿಂ ರೋಜಾ, ಬಾರಾ ಕಮಾನ್, ಮಲಿಕ್-ಎ-ಮೈದಾನ್ ತೋಪು. ಮಧ್ಯಾಹ್ನ ರೊಟ್ಟಿ ಊಟ ಮುಗಿಯುವಷ್ಟರಲ್ಲಿ ಗಾಡಿ ದಕ್ಷಿಣಕ್ಕೆ ತಿರುಗಿ ಬಾದಾಮಿ, ಪಟ್ಟದಕಲ್ಲಿನ ದಾರಿ ಹಿಡಿದಿರುತ್ತದೆ. ಊರಿನಿಂದ ಪೂರ್ವಕ್ಕೆ, ಸಿಂದಗಿ-ಜೇವರ್ಗಿ ದಾಟಿ ಕಲಬುರಗಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ಒಂದಿದೆ. ಅದರಲ್ಲಿ ಲಾರಿಗಳಿವೆ, ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳಿವೆ, ಕಿಕ್ಕಿರಿದ ಸರ್ಕಾರಿ ಬಸ್ಸುಗಳಿವೆ. ಕ್ಯಾಮೆರಾ ಹಿಡಿದವರು ಮಾತ್ರ ಇಲ್ಲ. ವಿಜಯಪುರ ಬಿಟ್ಟು ನಲವತ್ತು ಕಿಲೋಮೀಟರಿನೊಳಗೆ ದೇವರ ಹಿಪ್ಪರಗಿ ಬರುತ್ತದೆ. ಬಸ್ಸು ನಿಲ್ಲುತ್ತದೆ, ಊರಿನವರು ಇಳಿಯುತ್ತಾರೆ, ಹೊರಗಿನವರು ಕಿಟಕಿಯಿಂದ ಮಿರ್ಚಿ ಭಜಿ ಕೊಂಡು ಮುಂದೆ ಹೋಗುತ್ತಾರೆ.

ಈ ಕಡೆ ಏನು ನೋಡಲಿ ಎಂದು ಇಲ್ಲಿಯವರನ್ನೇ ಕೇಳಿದರೂ ಬರುವ ಉತ್ತರ ಗೊತ್ತಿರುವಂಥದ್ದೇ: "ಇಲ್ಲೇನೈತ್ರಿ ನೋಡಾಕ? ಎರಿ ಹೊಲ, ಬಿಸಿಲು." ಆ ಮಾತನ್ನು ವಿನಯ ಎಂದುಕೊಳ್ಳಬೇಡಿ, ಅವರು ನಂಬಿಯೇ ಹೇಳುತ್ತಾರೆ. ನೋಡತಕ್ಕದ್ದು ಎಂದರೆ ಎತ್ತರದ್ದು, ದೊಡ್ಡದು, ಕಲ್ಲಿನದು ಎಂಬ ಅಳತೆಗೋಲನ್ನು ಗೋಳಗುಮ್ಮಟ ಇಡೀ ಜಿಲ್ಲೆಯ ಕೈಗೆ ಕೊಟ್ಟುಬಿಟ್ಟಿದೆ. ಆ ಕೋಲಿನಿಂದ ಅಳೆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನಡುವಿನ ಈ ನಾಡಿನಲ್ಲಿ ನಿಜಕ್ಕೂ ಹೆಚ್ಚೇನೂ ಇಲ್ಲ. ಆದರೆ ದುಡಿಯುವ ಮಂದಿ ಬಾಯಿಬಿಟ್ಟು ಆಡಿದ ಮಾತು ಒಂಬೈನೂರು ವರ್ಷ ಉಳಿದ ಜಾಗಗಳನ್ನು ಹುಡುಕುವುದಾದರೆ, ಕರ್ನಾಟಕದಲ್ಲಿ ಇಷ್ಟು ಒತ್ತೊತ್ತಾಗಿ ಅವು ಸಿಗುವ ಸೀಮೆ ಇನ್ನೊಂದು ನನಗೆ ಗೊತ್ತಿಲ್ಲ.

ಮೊದಲು ನೆಲದ ಚಿತ್ರ ಕಣ್ಣ ಮುಂದಿರಲಿ. ಉತ್ತರದಲ್ಲಿ ಭೀಮಾ, ದಕ್ಷಿಣದಲ್ಲಿ ಕೃಷ್ಣಾ. ಎರಡರ ನಡುವೆ ಸೊಟ್ಟಸೊಟ್ಟಗೆ ಹರಿಯುವ ಡೋಣಿ. ಡೋಣಿಯ ನೀರು ಉಪ್ಪು, ಬಾಯಿಗೆ ಹಾಕಿಕೊಳ್ಳುವಂಥದ್ದಲ್ಲ. ಆದರೆ ಅದರ ದಂಡೆಯ ಎರೆ ಮಣ್ಣು ಹಿಂಗಾರಿ ಜೋಳಕ್ಕೆ ಬಂಗಾರ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಗಾದೆ ಇಲ್ಲಿ ಹುಟ್ಟಿದ್ದು. ಹೂಳು ತುಂಬಿ ಪಾತ್ರವೇ ಕಾಣದಂತಾದ ಹೊಳೆ ಮಳೆಗಾಲದಲ್ಲಿ ಹೊಲದ ಮೇಲೇ ಹರಿಯುತ್ತದೆ, ಬೇಸಿಗೆಯಲ್ಲಿ ಇದ್ದ ಗುರುತೂ ಸಿಗದಂತೆ ಬತ್ತುತ್ತದೆ. ಎರಡು ದೊಡ್ಡ ನದಿಗಳ ನಡುವೆ ಕೂತು ಬರಗಾಲಕ್ಕೆ ಹೆಸರಾದ ನಾಡು ಇದು. 1876-78ರ ಬರ ಹಳೆಯ ಬಿಜಾಪುರ ಸೀಮೆಯನ್ನು ಬರಿದು ಮಾಡಿದ್ದು ಗೆಜೆಟಿಯರುಗಳಲ್ಲಿ ದಾಖಲಾಗಿದೆ. ದೇವರ ಹಿಪ್ಪರಗಿ ಈ ಚಿತ್ರದ ಹೆಚ್ಚುಕಡಿಮೆ ನಡುಮಧ್ಯದಲ್ಲಿದೆ. 2018ರವರೆಗೆ ಸಿಂದಗಿ ತಾಲ್ಲೂಕಿನ ಒಂದು ಊರು, ಈಗ ತಾನೇ ತಾಲ್ಲೂಕು ಕೇಂದ್ರ. ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆ: ಬಸವನ ಬಾಗೇವಾಡಿ ಕಡೆ ಹೂವಿನ ಹಿಪ್ಪರಗಿ ಇದೆ, ಜಮಖಂಡಿ ಕಡೆ ಕೃಷ್ಣೆಗೆ ಬ್ಯಾರೇಜು ಕಟ್ಟಿದ ಹಿಪ್ಪರಗಿಯೂ ಇದೆ. ಬಸ್ಸಿನ ಬೋರ್ಡನ್ನು ಪೂರ್ತಿ ಓದಿ ಹತ್ತಿ.

ಊರಿಗೆ 'ದೇವರ' ಎಂಬ ಹೆಸರು ಹತ್ತಿಸಿದ ದೇವರುಗಳಲ್ಲಿ ಇಬ್ಬರು ಮುಖ್ಯರು. ಒಬ್ಬ ಕಲ್ಮೇಶ್ವರ, ಹಳೆಯ ಮಾತಿನಲ್ಲಿ ಕಲಿದೇವ. ಹೊರಗಿನವರಿಗೆ ಈ ಗುಡಿ ಸಾಮಾನ್ಯ ಶಿವಾಲಯದಂತೆ ಕಂಡೀತು. ಆದರೆ ಈ ದೇವರ ಹೆಸರನ್ನು ಕನ್ನಡ ಸಾಹಿತ್ಯ ಓದಿದ ಪ್ರತಿಯೊಬ್ಬರೂ ಒಮ್ಮೆಯಾದರೂ ಕಂಡಿರುತ್ತಾರೆ, ಊರು ಯಾವುದೆಂದು ತಿಳಿಯದೆ. 'ಕಲಿದೇವರದೇವ' ಎಂಬ ಅಂಕಿತದಲ್ಲಿ 300ಕ್ಕೂ ಹೆಚ್ಚು ವಚನಗಳನ್ನು ಬಿಟ್ಟುಹೋದ ಮಡಿವಾಳ ಮಾಚಿದೇವ ಹುಟ್ಟಿದ್ದು ಇದೇ ಊರಲ್ಲಿ. ತಂದೆ ಪರ್ವತಯ್ಯ, ತಾಯಿ ಸುಜ್ಞಾನವ್ವ ಎಂದು ಪರಂಪರೆ ಹೇಳುತ್ತದೆ. ಕಸುಬು ಬಟ್ಟೆ ಒಗೆಯುವುದು.

ಫೆಬ್ರುವರಿ 1ರಂದು ಸರ್ಕಾರಿ ಕಚೇರಿಗಳಲ್ಲಿ ಮಾಚಿದೇವರ ಜಯಂತಿ ನಡೆಯುತ್ತದೆ. ಭಾಷಣಗಳಲ್ಲಿ ಬರುವ ಮಾಚಿದೇವ ಸೌಮ್ಯ, ಸಮಾನತೆಯ ಸಂದೇಶ ಕೊಟ್ಟ ಸಂತ. ಹಳೆಯ ಕಾವ್ಯಗಳ ಮಾಚಯ್ಯ ಬೇರೆಯೇ ಮನುಷ್ಯ. ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬರೆದ ಬಸವಪುರಾಣದಲ್ಲೂ, ಅದನ್ನನುಸರಿಸಿ 1369ರಲ್ಲಿ ಭೀಮಕವಿ ಕನ್ನಡಕ್ಕೆ ತಂದ ಕೃತಿಯಲ್ಲೂ ಅವನು ಸಿಟ್ಟಿನ ಆಳು. ಶರಣರ ಬಟ್ಟೆ ಬಿಟ್ಟು ಬೇರೆಯವರ ಬಟ್ಟೆ ಮುಟ್ಟನು. ಒಗೆದ ಮಡಿಯ ಗಂಟು ಹೊತ್ತು ಬೀದಿಯಲ್ಲಿ ಬರುವಾಗ ಭಕ್ತರಲ್ಲದವರು ಸೋಕಬಾರದೆಂದು ಸಾರಿಕೊಂಡೇ ಬರುವನು, ಸೋಕಿದವನನ್ನು ಬಿಡನು. ಬಿಜ್ಜಳ ಅವನ ಮೇಲೆ ಆನೆ ನುಗ್ಗಿಸಿದರೆ ಆನೆಯನ್ನೇ ಕೆಡವುವನು. ಇನ್ನೊಂದು ಕಥೆಯಲ್ಲಿ, ತನ್ನ ಬಳಿ ಬೇಡುವವರೇ ಇಲ್ಲವಲ್ಲ ಎಂದು ಬಸವಣ್ಣ ನಿಟ್ಟುಸಿರಿಟ್ಟಾಗ, ಕೊಡುವವನೆಂಬ ಗರ್ವ ನಿನಗೇಕೆ ಎಂದು ಎದುರಿಗೇ ಕೇಳಿದವನು ಈ ಮಡಿವಾಳ. ಕಲ್ಯಾಣದ ಮಂತ್ರಿಯನ್ನು ಹೀಗೆ ಗದರಬಲ್ಲವರು ಆ ಕಾಲದಲ್ಲಿ ಎಷ್ಟು ಮಂದಿ ಇದ್ದಾರು? ಊರಿನ ಹೊಲಸನ್ನು ಕೈಯಲ್ಲಿ ಹಿಡಿದು ಬದುಕಬೇಕಾದ, ಯಾರ ಬಟ್ಟೆಯನ್ನೂ ಒಲ್ಲೆ ಎನ್ನುವ ಹಕ್ಕಿಲ್ಲದ ಕಸುಬಿನವನು 'ನಾನು ಆರಿಸುತ್ತೇನೆ' ಎಂದು ನಿಂತ ಕಥೆ ಅದು. ಜಯಂತಿಯ ಮಾಚಿದೇವನಿಗಿಂತ ಪುರಾಣದ ಮಾಚಯ್ಯನೇ ನನಗೆ ಹೆಚ್ಚು ನಿಜವೆನಿಸುತ್ತಾನೆ. ಕಲ್ಯಾಣ ಕ್ರಾಂತಿಯ ನಂತರ ವಚನದ ಕಟ್ಟುಗಳನ್ನು ಹೊತ್ತ ಶರಣರ ದಂಡು ಉಳವಿಯ ಕಡೆ ಹೊರಟಾಗ ಬೆನ್ನಟ್ಟಿದ ಸೈನ್ಯವನ್ನು ತಡೆದು ನಿಂತವರಲ್ಲಿ ಅವನು ಮುಂಚೂಣಿಯಲ್ಲಿದ್ದ ಎಂಬುದು ಪರಂಪರೆಯ ನಂಬಿಕೆ. ಅವನ ಹೆಸರಿನ ಗುಡಿ ಊರಲ್ಲಿದೆ. ಕಲ್ಮೇಶ್ವರನನ್ನು ಮೊದಲು ನೋಡಿ, ಆಮೇಲೆ ಅಲ್ಲಿಗೆ ಹೋಗಿ. ದೇವರು ಮೊದಲು, ಆ ದೇವರ ಹೆಸರನ್ನು ಸಹಿಯಾಗಿಸಿಕೊಂಡ ಮನುಷ್ಯ ಆಮೇಲೆ.

ಇನ್ನೊಬ್ಬ ದೇವರು ಕುದುರೆ ಸವಾರ. ರಾವುತರಾಯ ಮತ್ತು ಮಲ್ಲಯ್ಯ ಎಂದು ಜೋಡಿಯಾಗಿ ಕರೆಯುವ ಈ ದೈವ ಮೈಲಾರಲಿಂಗನ ದೊಡ್ಡ ಕುಟುಂಬಕ್ಕೆ ಸೇರಿದ್ದು. ಬಳ್ಳಾರಿ ಸೀಮೆಯ ಮೈಲಾರದಿಂದ ಮಹಾರಾಷ್ಟ್ರದ ಜೇಜುರಿಯವರೆಗೆ, ಎಲ್ಲೆಲ್ಲಿ ಒಣಭೂಮಿ, ಕುರಿ ಮತ್ತು ಕುದುರೆ ಇದ್ದವೋ ಅಲ್ಲೆಲ್ಲ ಈತ ಇದ್ದಾನೆ. ಜೇಜುರಿಯಲ್ಲಿ ಖಂಡೋಬಾ, ಇಲ್ಲಿ ಮಲ್ಲಯ್ಯ. 'ಏಳುಕೋಟಿ' ಎಂಬ ಉದ್ಘೋಷ ಮರಾಠಿಯಲ್ಲಿ 'ಯೇಳಕೋಟ' ಆಗಿದೆ, ಅಷ್ಟೇ ವ್ಯತ್ಯಾಸ. ಜಾತ್ರೆಯ ಹೊತ್ತಿಗೆ ಬಂದರೆ ಗಾಳಿಯಲ್ಲೆಲ್ಲ ಅರಿಷಿಣದ ಭಂಡಾರ. ಕೂದಲು, ಕಾಲರ್, ಮೊಬೈಲಿನ ಗಾಜು ಎಲ್ಲ ಹಳದಿ. ಬಿಳಿ ಅಂಗಿ ಹಾಕಿಕೊಂಡು ಹೋಗಬೇಡಿ. ಅಥವಾ ಬೇಕೆಂದೇ ಹಾಕಿಕೊಂಡು ಹೋಗಿ! ಮಡಿವಾಳನ ಊರಲ್ಲೇ ಬಟ್ಟೆಗೆ ಕಲೆ ಹಚ್ಚಿಸಿಕೊಳ್ಳುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಭಾಷಾವಾರು ಪ್ರಾಂತ್ಯಗಳಿಗಿಂತ ಬಹಳ ಹಿಂದಿನ ದೇವರು ಇವನು. ಗಡಿಯಾಚೆಯ ಮರಾಠಿ ಮಾತಿನವರೂ ಈಚೆಯ ಕನ್ನಡದವರೂ ಒಂದೇ ಭಂಡಾರವನ್ನು ಹಣೆಗೆ ಬಳಿದುಕೊಳ್ಳುತ್ತಾರೆ.

ಇನ್ನು ಊರ ಹೊರಗೆ. ದೇವರ ಹಿಪ್ಪರಗಿಯಲ್ಲಿ ನಿಂತು ಸುತ್ತಲಿನ ಹಳ್ಳಿಗಳ ಹೆಸರು ಕೇಳುತ್ತಾ ಹೋದರೆ ಹನ್ನೆರಡನೆಯ ಶತಮಾನದ ಒಂದು ಕಸುಬಿನ ನಕಾಶೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಪಶ್ಚಿಮಕ್ಕೆ ವಿಜಯಪುರದ ದಿಕ್ಕಿನಲ್ಲಿ ಶಿವಣಗಿ. ನುಲಿಯ ಚಂದಯ್ಯನ ಊರು. ಕೆರೆ-ಹಳ್ಳದ ದಂಡೆಯ ಹುಲ್ಲು ಕೊಯ್ದು, ಹೊಸೆದು, ಹಗ್ಗ ಮಾಡಿ ಮಾರಿ ದಾಸೋಹ ನಡೆಸಿದವನು. ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ಜಾರಿ ನೀರಿಗೆ ಬಿತ್ತು, ಚಂದಯ್ಯ ತಿರುಗಿ ನೋಡದೆ ಹುಲ್ಲಿನ ಹೊರೆ ಹೊತ್ತು ನಡೆದ, ಲಿಂಗವೇ ಬೆನ್ನುಹತ್ತಿ ಬಂತು ಎಂಬ ಕಥೆ ಶೂನ್ಯಸಂಪಾದನೆಗಳಲ್ಲಿ ಬರುತ್ತದೆ. ದೇವರು ಮತ್ತು ಹಗ್ಗದವನ ನಡುವಿನ ಆ ಜಗಳ ಬಿಡಿಸಲು ನಡುವೆ ಬಂದವನು ಯಾರು ಗೊತ್ತೇ? ಇದೇ ಹಿಪ್ಪರಗಿಯ ಮಾಚಯ್ಯ. ನೆರೆಹಳ್ಳಿಯ ಇಬ್ಬರು ದುಡಿಮೆಗಾರರು, ನಡುವೆ ಒಂದು ದೇವರು. ಕಲ್ಯಾಣದಲ್ಲಿ ನಡೆದ ಕಥೆಯಾದರೂ ಇಲ್ಲಿಯ ಹೊಲದ ಬದುವಿನ ಮೇಲೆ ಕೂತು ಓದಿದರೆ ಊರ ಪಂಚಾಯಿತಿಯ ಹಾಗೆ ಕೇಳಿಸುತ್ತದೆ.

ಬಸವನ ಬಾಗೇವಾಡಿ ಸೀಮೆಯ ಮಸಬಿನಾಳ ಹಡಪದ ಅಪ್ಪಣ್ಣನ ಹುಟ್ಟೂರು. ಬಸವಣ್ಣನಿಗೆ ಎಲೆಅಡಿಕೆಯ ಹಡಪ ಹಿಡಿದವನು, ಮಹಾಮನೆಯ ಬಾಗಿಲಲ್ಲಿ ನಿಂತವನು. ಬೆಳಿಗ್ಗೆದ್ದು ಕ್ಷೌರಿಕನ ಮುಖ ನೋಡಬಾರದು ಎನ್ನುತ್ತಿದ್ದ ಕಾಲದಲ್ಲಿ, ನನ್ನನ್ನು ಕಾಣಬೇಕಾದವರು ಮೊದಲು ಅಪ್ಪಣ್ಣನ ಮುಖ ನೋಡಿ ಬರಲಿ ಎಂದು ಬಸವಣ್ಣ ಕಟ್ಟಳೆ ಮಾಡಿದ ಎಂದು ಹೇಳುತ್ತಾರೆ. ಅಪ್ಪಣ್ಣನ ಹೆಂಡತಿ ಲಿಂಗಮ್ಮನೂ ವಚನಕಾರ್ತಿ. 'ಅಪ್ಪಣ್ಣಪ್ರಿಯ ಚೆನ್ನಬಸವಣ್ಣ' ಎಂದು ಗಂಡನ ಹೆಸರನ್ನೇ ಅಂಕಿತದೊಳಗೆ ಸೇರಿಸಿಕೊಂಡು ಬರೆದ ಅವಳ ವಚನಗಳಲ್ಲಿ ಮನಸ್ಸನ್ನು ಹದಕ್ಕೆ ತರುವ ಕಷ್ಟದ ವಿಚಾರವೇ ಹೆಚ್ಚು. ಓದದಿದ್ದವರು ಓದಬೇಕು. ಸಿಂದಗಿ ಕಡೆಯ ಗೋಲಗೇರಿಯದು ಕುರುಬರ ಹುಡುಗನೊಬ್ಬನ ಕಥೆ. ಗುರು ಶ್ರೀಶೈಲಕ್ಕೆ ಹೊರಟಾಗ ನನಗೊಂದು ಲಿಂಗ ತಾ ಎಂದು ಬೇಡಿದ. ಅವರು ಮರೆತು, ಕುರಿಯ ಹಿಕ್ಕೆಯೊಂದನ್ನು ಕೊಟ್ಟು ಇದೇ ಲಿಂಗ ಎಂದರು. ಅವನು ನಂಬಿದ, ಹಿಕ್ಕೆ ಲಿಂಗವಾಯಿತು. ಗೊಲ್ಲಾಳೇಶ್ವರನ ಗುಡಿಗೆ ಇವತ್ತಿಗೂ ದೂರದೂರದಿಂದ ಕುರಿಗಾಹಿಗಳು ಬರುತ್ತಾರೆ. ವೀರಗೊಲ್ಲಾಳನ ಹೆಸರಿನಲ್ಲೂ ಕೆಲವು ವಚನಗಳು ಉಳಿದಿವೆ.

ಬಟ್ಟೆ ಒಗೆಯುವವನು, ಹಗ್ಗ ಹೊಸೆಯುವವನು, ಹಡಪ ಹಿಡಿಯುವವನು, ಕುರಿ ಕಾಯುವವನು. ಎಲ್ಲರೂ ಒಂದು ದಿನದ ಗಾಡಿದಾರಿಯೊಳಗಿನವರು. ಈ ಬರದ ನೆಲವೇ ಯಾಕೆ ಹೀಗೆ ಬಾಯಿಬಿಟ್ಟಿತು ಎನ್ನುವುದಕ್ಕೆ ಪಂಡಿತರು ಹಲವು ಕಾರಣ ಕೊಡುತ್ತಾರೆ. ನನಗೆ ತೋಚುವುದು ಸಾದಾ ಸಂಗತಿ: ಬಾಗೇವಾಡಿ ಹತ್ತಿರವಿತ್ತು, ಸೊನ್ನಲಿಗೆ ಅಂದರೆ ಇಂದಿನ ಸೊಲ್ಲಾಪುರ ದೂರವಿರಲಿಲ್ಲ, ಕಲ್ಯಾಣಕ್ಕೆ ನಡೆದು ಹೋಗುವ ದಾರಿ ಇತ್ತು. ಮಳೆ ಕೈಕೊಟ್ಟಾಗ ಕಸುಬಿನವರು ಊರು ಬಿಟ್ಟು ದೂರ ನಡೆಯುವುದು ಇಲ್ಲಿ ಆಗಲೂ ಇತ್ತು, ಈಗಲೂ ಇದೆ. ಇಂದು ಅದೇ ತಾಲ್ಲೂಕುಗಳಿಂದ ಕುಟುಂಬಗಳು ದುಡಿಮೆಗಾಗಿ ಪುಣೆ, ಮುಂಬೈ, ಗೋವಾ, ಬೆಂಗಳೂರಿನ ಬಸ್ಸು ಹತ್ತುತ್ತವೆ.

ಬಸವನ ಬಾಗೇವಾಡಿ ಮತ್ತು ಇಂಗಳೇಶ್ವರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಈ ಭಾಗದಲ್ಲಿ ಪ್ರವಾಸಿ ಬಸ್ಸು ನಿಲ್ಲುವ ಊರುಗಳೆಂದರೆ ಇವೇ. ಬಾಗೇವಾಡಿಯಲ್ಲಿ ಮೂಲನಂದೀಶ್ವರನ ಗುಡಿ, ಬಸವಣ್ಣ ಹುಟ್ಟಿದ ಮನೆಯ ಜಾಗದ ಸ್ಮಾರಕ. ಶ್ರಾವಣದಲ್ಲಿ ಜಾತ್ರೆ. ಇಂಗಳೇಶ್ವರ ತಾಯಿ ಮಾದಲಾಂಬಿಕೆಯ ತವರು, ಅಲ್ಲಿ ಕಲ್ಲಿನಲ್ಲಿ ವಚನ ಕೆತ್ತಿಸಿದ ಶಿಲಾಮಂಟಪವಿದೆ. ಮಂತ್ರಿಗೆ ಸಿಕ್ಕ ಅಮೃತಶಿಲೆ ಮಡಿವಾಳನಿಗೆ ಸಿಕ್ಕಿಲ್ಲ ಎಂದು ಗೊಣಗಿಕೊಳ್ಳುವುದು ನನ್ನ ಅಭ್ಯಾಸ. ಒಂದು ದೃಷ್ಟಿಯಿಂದ ಒಳ್ಳೆಯದೇ ಆಯಿತು. ಅಭಿವೃದ್ಧಿ ಎಂದು ಬಂದವರು ಇಲ್ಲಿ ಮೊದಲು ಮಾಡುವ ಕೆಲಸ ಹಳೆಯ ಕಲ್ಲಿಗೆ ಎಣ್ಣೆಬಣ್ಣ ಬಳಿದು ಮುಂದೆ ಸ್ಟೀಲಿನ ಕಟಕಟೆ ಹಾಕುವುದು. ಬಣ್ಣ ಬಳಿಯದ ಒಂದು ಕಂಬ, ಅಂಗಳದ ಮೂಲೆಗೆ ಒರಗಿಸಿಟ್ಟ ಒಂದು ವೀರಗಲ್ಲು ಕಂಡರೆ ಅಲ್ಲಿ ಹತ್ತು ನಿಮಿಷ ನಿಲ್ಲಿ.

ಈ ವಚನಗಳೆಲ್ಲ ನಮ್ಮ ಕೈಗೆ ಬಂದದ್ದು ಹೇಗೆ ಎಂಬುದರ ಬೇರೂ ಇದೇ ಜಿಲ್ಲೆಯಲ್ಲಿದೆ. ಧಾರವಾಡದಲ್ಲಿ ಹುಟ್ಟಿ ಬಿಜಾಪುರಕ್ಕೆ ವಕೀಲಿಗೆ ಬಂದ ಫ.ಗು. ಹಳಕಟ್ಟಿ (1880-1964) ತಾಡೋಲೆ ಮತ್ತು ಕೈಬರಹದ ಕಟ್ಟುಗಳನ್ನು ಮನೆಮನೆಗಳಿಂದ, ಮಠಗಳಿಂದ ಸಂಗ್ರಹಿಸಿದರು. 1923ರಲ್ಲಿ 'ವಚನ ಶಾಸ್ತ್ರ ಸಾರ' ಹೊರಬಂತು. ಮುದ್ರಣಕ್ಕೆಂದೇ ಹಿತಚಿಂತಕ ಎಂಬ ಪ್ರೆಸ್ಸು ಹಾಕಿ, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಹಳ್ಳಿಯ ಜಂತಿಯ ಮೇಲೆ ಅರಿವೆಯಲ್ಲಿ ಸುತ್ತಿಟ್ಟು ಪೂಜೆಗೊಳ್ಳುತ್ತಿದ್ದ ಕಟ್ಟುಗಳು ಹಾಗೆ ಪುಸ್ತಕದಂಗಡಿಗೆ ಬಂದವು.

ದಕ್ಷಿಣಕ್ಕೆ, ಮುದ್ದೇಬಿಹಾಳ ದಾಟಿ ಕೃಷ್ಣೆಯ ದಂಡೆಗೆ ಇಳಿದರೆ ತಂಗಡಗಿ. ಕಲ್ಯಾಣ ಬಿಟ್ಟು ಕೂಡಲಸಂಗಮ ಸೇರಿದ್ದ ಬಸವಣ್ಣ ಹೆಂಡತಿ ನೀಲಮ್ಮನನ್ನು ಕರೆತರಲು ಅಪ್ಪಣ್ಣನನ್ನು ಕಳಿಸಿದ, ಇಬ್ಬರೂ ಇಲ್ಲಿಗೆ ಬರುವಷ್ಟರಲ್ಲಿ ಬಸವಣ್ಣ ಐಕ್ಯನಾದ ಸುದ್ದಿ ಬಂತು, ಅಲ್ಲಿನ ಸಂಗಮ ಇಲ್ಲಿಲ್ಲವೇ ಎಂದು ನೀಲಮ್ಮ ಈ ದಂಡೆಯಲ್ಲೇ ಐಕ್ಯಳಾದಳು ಎಂಬುದು ನಂಬಿಕೆ. ಮಸಬಿನಾಳದಲ್ಲಿ ಹುಟ್ಟಿದ ಅಪ್ಪಣ್ಣನ ದಾರಿ ಮುಗಿದದ್ದೂ ಇಲ್ಲೇ. ಅವನ ಹೆಸರಿನ ಮಠ ಇಲ್ಲಿದೆ. ಕೂಡಲಸಂಗಮಕ್ಕೆ ಹೋಗುವ ಜನಸಾಗರದಲ್ಲಿ ತೀರ ಕೆಲವರು ಮಾತ್ರ ತಂಗಡಗಿಗೆ ಬರುತ್ತಾರೆ. ಬಂದವರಿಗೆ ನೀಲಮ್ಮನ ಸ್ಥಾನ, ಅಗಲವಾದ ಹೊಳೆ, ಗದ್ದಲವಿಲ್ಲದ ದಂಡೆ ಸಿಗುತ್ತವೆ.

ತಂಗಡಗಿಯ ಹೆಸರನ್ನು ಶಾಲೆಯ ಇತಿಹಾಸ ಪುಸ್ತಕದಲ್ಲಿ ಓದಿದ ನೆನಪಾದರೆ ಅದು ಸರಿ. ರಕ್ಕಸಗಿ-ತಂಗಡಗಿ ಯುದ್ಧವೇ ತಾಳಿಕೋಟೆ ಯುದ್ಧ. 1565ರ ಜನವರಿ 23ರಂದು ವಿಜಯನಗರದ ರಾಮರಾಯ ಬಿದ್ದ ಕದನ. ದಖನ್ನಿನ ಸುಲ್ತಾನರ ಸೇನೆಗಳು ಮೊದಲು ಒಟ್ಟುಗೂಡಿದ್ದು ಡೋಣಿ ದಂಡೆಯ ತಾಳಿಕೋಟೆಯಲ್ಲಿ. ಕದನ ನಡೆದದ್ದು ಅಲ್ಲಿಂದ ಬಹು ದೂರ, ಕೃಷ್ಣಾ ಹೊಳೆ ದಾಟಿದ ಮೇಲೆ. ಯಾವ ಬಯಲಿನಲ್ಲಿ ಎಂದು ವಿದ್ವಾಂಸರು ಇನ್ನೂ ಜಗಳಾಡುತ್ತಿದ್ದಾರೆ. ದಂಡು ಬೀಡುಬಿಟ್ಟ ಊರಿಗೆ ಕದನದ ಕೀರ್ತಿ ಸಂದಿತು. ತಾಳಿಕೋಟೆಗೆ ಹೋಗಿ ರಣರಂಗ ಎಲ್ಲಿ ಎಂದು ಕೇಳಿದರೆ ಮಂದಿ ನಗುತ್ತಾರೆ. ತೋರಿಸಲು ಏನೂ ಇಲ್ಲ. ಹಂಪಿಯ ಹಾಳು ನೋಡಿದವರು ಅದರ ಕಾರಣ ಹುಟ್ಟಿದ ದಿಕ್ಕನ್ನಾದರೂ ಒಮ್ಮೆ ನೋಡಲಿ ಎಂಬ ಆಸೆ ನನ್ನದು, ಅಷ್ಟೇ.

ಇಂಡಿ ಕಡೆಯದು ಬೇರೆ ಬಣ್ಣ. ಮೊದಲ ಊರು ಸಾಲೋಟಗಿ. ಕ್ರಿ.ಶ. 945ರ ಒಂದು ಕಂಬದ ಶಾಸನ ಇಲ್ಲಿಯದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲ, ಅವನ ಮಂತ್ರಿ ನಾರಾಯಣ ತ್ರಯೀಪುರುಷರ ಗುಡಿಗೆ ಹೊಂದಿಸಿ ಇಲ್ಲೊಂದು ಶಾಲೆ ಕಟ್ಟಿಸಿದ. ಊರಿನ ಹೆಸರು ಆಗ ಪಾವಿಟ್ಟಗೆ. ಬೇರೆ ಬೇರೆ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು, ಅವರಿಗಾಗಿ 27 ಮನೆಗಳಿದ್ದವು. ನಮ್ಮ ಮಾತಿನಲ್ಲಿ ಹಾಸ್ಟೆಲ್. ಉಪಾಧ್ಯಾಯನ ಜೀವನಕ್ಕೆ 50 ನಿವರ್ತನ ಭೂಮಿ. ದೀಪದೆಣ್ಣೆಗೆಂದೇ ಪ್ರತ್ಯೇಕ 12 ನಿವರ್ತನ. ರಾತ್ರಿ ಓದು ನಡೆಯುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ರಾಜಾಶ್ರಯದ ಜೊತೆಗೆ ಊರಿನವರೂ ವಂತಿಗೆ ಹಾಕಿಕೊಂಡರು: ಮದುವೆಯಾದರೆ ಶಾಲೆಗೆ ಐದು ನಾಣ್ಯ, ಮುಂಜಿಗೆ ಅದರರ್ಧ, ಚೌಲಕ್ಕೆ ಮತ್ತದರರ್ಧ. ಮನೆಯಲ್ಲಿ ದೊಡ್ಡ ಊಟವಾದರೆ ಶಾಲೆಯವರಿಗೂ ಬಡಿಸುವ ಕಟ್ಟಳೆ. ಅಗ್ರಹಾರದ ಶಾಲೆ ಅದು, ಯಾರ ಮಕ್ಕಳಿಗೆ ಪ್ರವೇಶವಿತ್ತು, ಯಾರಿಗಿರಲಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೂರು ವರ್ಷದ ನಂತರ ಇದೇ ಸೀಮೆಯ ಮಡಿವಾಳನೂ ಹಗ್ಗದವನೂ ತಮ್ಮ ಭಾಷೆಯಲ್ಲಿ ಮಾತಾಡತೊಡಗಿದ್ದು ಯಾವುದಕ್ಕೆ ಉತ್ತರವಾಗಿ ಎಂಬುದು ಸಾಲೋಟಗಿಯನ್ನು ನೋಡಿದವರಿಗೆ ಹೆಚ್ಚು ಅರ್ಥವಾಗುತ್ತದೆ. ಎರಡನ್ನೂ ಒಂದೇ ವಾರಾಂತ್ಯದಲ್ಲಿ ನೋಡಿ ಎನ್ನುವುದು ಅದಕ್ಕೇ.

ಸೊಲ್ಲಾಪುರದ ರೈಲು ಹಾದಿಯಲ್ಲಿ ನಿಂಬಾಳ ಎಂಬ ಸಣ್ಣ ನಿಲ್ದಾಣವಿದೆ. ಜಮಖಂಡಿಯಲ್ಲಿ ಹುಟ್ಟಿ, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸಿ, ಅಲ್ಲಿನ ಕುಲಪತಿಯೂ ಆದ ರಾ.ದ. ರಾನಡೆ (1886-1957) ತಮ್ಮ ಆಶ್ರಮಕ್ಕೆ ಆರಿಸಿಕೊಂಡದ್ದು ಈ ಬಯಲನ್ನು. ಉಪನಿಷತ್ತುಗಳ ಮೇಲೆ ಇಂಗ್ಲಿಷಿನಲ್ಲಿ 1926ರಲ್ಲಿ ಅವರು ಬರೆದ ಗ್ರಂಥ ದೇಶವಿದೇಶದ ಪಂಡಿತರ ಕೈಸೇರಿತ್ತು. ಅವರು ತೀರಿಕೊಂಡದ್ದೂ ನಿಂಬಾಳದಲ್ಲೇ. ಅವರ ಗುರು ಉಮದಿಯ ಭಾವೂಸಾಹೇಬ ಮಹಾರಾಜರು (1843-1914). ಅವರ ಸಮಾಧಿ ಹಳೆಯ ಇಂಡಿ ಸೀಮೆಯ ಇಂಚಗೇರಿಯಲ್ಲಿದೆ. ಭಾವೂಸಾಹೇಬರ ಗುರು ಅದೇ ಸೀಮೆಯ ನಿಂಬರಗಿ ಮಹಾರಾಜರು. ಈ ಪರಂಪರೆಯ ಇನ್ನೊಂದು ಕವಲು ಸಿದ್ಧರಾಮೇಶ್ವರ ಮಹಾರಾಜರ ಮೂಲಕ ಮುಂಬೈಗೆ ಹೋಗಿ, ಬೀಡಿ ಅಂಗಡಿ ಇಟ್ಟುಕೊಂಡಿದ್ದ ನಿಸರ್ಗದತ್ತ ಮಹಾರಾಜರನ್ನು (1897-1981) ಮುಟ್ಟಿತು. ಅವರ ಮಾತುಗಳ ಇಂಗ್ಲಿಷ್ ಪುಸ್ತಕ 1973ರಲ್ಲಿ ಹೊರಬಂದ ಮೇಲೆ ಯುರೋಪು, ಅಮೆರಿಕದ ಓದುಗರು ಮುಂಬೈನ ಆ ಸಣ್ಣ ಕೋಣೆಯ ಮೆಟ್ಟಿಲು ಹತ್ತಿದರು. ಅದರ ಬುಡ ಇಂಡಿ ಸೀಮೆಯ ಬೇಲಿಸಾಲಿನಲ್ಲಿದೆ ಎಂದು ಎಷ್ಟು ಜನರಿಗೆ ಗೊತ್ತು? ಸ್ಥಳೀಯರಿಗೆ ಮಠ ಗೊತ್ತು, ಅಮೆರಿಕ ಗೊತ್ತಿಲ್ಲ. ಅಮೆರಿಕದವರಿಗೆ ಪುಸ್ತಕ ಗೊತ್ತು, ಇಂಚಗೇರಿ ಗೊತ್ತಿಲ್ಲ.

ಹಲಸಂಗಿಯನ್ನು ಬಿಟ್ಟರೆ ಈ ಲೇಖನ ಬರೆದದ್ದೇ ದಂಡ. ಭೀಮೆಯ ಸೀಮೆಯ ಈ ಹಳ್ಳಿಯಲ್ಲಿ ಮಧುರಚೆನ್ನ (1903-1953), ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಸೇರಿ 'ಹಲಸಂಗಿ ಗೆಳೆಯರು' ಆದರು. ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಓದು-ಬರಹ ಬಲ್ಲವರು ಹಳ್ಳಿಯ ಹಾಡನ್ನು ಸಾಹಿತ್ಯವೆಂದು ಎಣಿಸದಿದ್ದ ಕಾಲ ಅದು. ಬೀಸುವ ಸದ್ದಿನ ನಡುವೆ ಹಾಡಿದವರ ಹೆಸರುಗಳು ಪುಸ್ತಕದಲ್ಲಿ ಇಲ್ಲ, ಬರೆದುಕೊಂಡ ಗಂಡಸರ ಹೆಸರುಗಳಿವೆ. ಈ ಕೊರತೆಯನ್ನು ಎತ್ತಿ ಆಡುವುದು ಈಗ ಸುಲಭ. ಅವರು ಬರೆದುಕೊಳ್ಳದಿದ್ದರೆ ಹಿಟ್ಟಿನ ಗಿರಣಿ ಬಂದ ದಿನ ಆ ಹಾಡುಗಳು ಮುಗಿದಿರುತ್ತಿದ್ದವು. 'ನನ್ನ ನಲ್ಲ' ಬರೆದ ಮಧುರಚೆನ್ನರ ಊರಿಗೆ ಹೋಗುವವರು ಸಾಹಿತ್ಯದ ಮೇಷ್ಟರು ಮತ್ತು ಅವರ ವಿದ್ಯಾರ್ಥಿಗಳು ಮಾತ್ರ ಎಂಬಂತಾಗಿದೆ.

ಇಂಡಿಯಿಂದ ಖಾಲಿ ಕೈಯಲ್ಲಿ ಬರಬೇಡಿ. ಇಲ್ಲಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ, ರಾಜ್ಯದ ನಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿಯೂ ಇದೇ ಊರಲ್ಲಿದೆ. ತೆಳು ಸಿಪ್ಪೆ, ರಸ ಹೆಚ್ಚು, ಬಹಳ ದಿನ ಬಾಳುತ್ತದೆ. ಬೇಸಿಗೆಯಲ್ಲಿ ದರ ಏರಿದಾಗ ತೋಟದವರ ಮುಖ ಅರಳುತ್ತದೆ, ಮಳೆಗಾಲದಲ್ಲಿ ಚೀಲ ತುಂಬಿದ ಕಾಯಿಗೆ ಕೂಲಿಯೂ ಹುಟ್ಟುವುದಿಲ್ಲ. ಬೇಸಿಗೆಯಲ್ಲಿ ಟ್ಯಾಂಕರಿನಿಂದ ನೀರು ಹೊಯ್ದು ಗಿಡ ಉಳಿಸಿಕೊಂಡವರ ಕಥೆಗಳನ್ನು ಯಾವ ತೋಟದಲ್ಲಿ ನಿಂತರೂ ಕೇಳಬಹುದು.

ನೀರಿನ ಮಾತು ಬಂದರೆ ಆಲಮಟ್ಟಿ ಹೇಳಲೇಬೇಕು. ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರ ಮೇ ತಿಂಗಳಲ್ಲಿ, ಪ್ರಧಾನಿಯಾಗುವುದಕ್ಕೆ ಕೆಲವೇ ದಿನ ಮೊದಲು ಅಡಿಗಲ್ಲಿಟ್ಟ ಜಲಾಶಯ ಈಗ ಅವರ ಹೆಸರಿನಲ್ಲೇ ಇದೆ. ಉದ್ಯಾನ, ಕಾರಂಜಿ, ಮಕ್ಕಳಿಗೆ ಬೇಕಾದದ್ದೆಲ್ಲ ಅಲ್ಲಿದೆ, ಭಾನುವಾರ ಜನವೋ ಜನ. ನಾನು ಅದಕ್ಕಿಂತ ಕೊಲ್ಹಾರಕ್ಕೆ ಹೋಗಿ ಎನ್ನುತ್ತೇನೆ. ಹಳೆಯ ಕೊಲ್ಹಾರ ಹಿನ್ನೀರಿಗೆ ಹೋಯಿತು, ಊರು ಮೇಲಕ್ಕೆ ಎದ್ದು ಬಂತು. ಬರುವಾಗ ಮಣ್ಣಿನ ಗಡಿಗೆಯ ಗಟ್ಟಿ ಮೊಸರಿನ ಹೆಸರನ್ನು ಜೊತೆಗೆ ತಂದಿತು. ಗಡಿಗೆ ಬೋರಲು ಹಾಕಿದರೂ ಬೀಳದ ಮೊಸರು ಎಂದು ಮಾರುವವರು ಹೇಳುತ್ತಾರೆ. ಪರೀಕ್ಷೆ ಮಾಡುವ ಧೈರ್ಯವಿದ್ದವರು ಮೊದಲು ದುಡ್ಡು ಕೊಟ್ಟುಬಿಡಿ.

ಊಟದ ಚಿಂತೆ ಬೇಡ. ಖಾನಾವಳಿ ಹುಡುಕಿ ಕೂತರೆ ಸಾಕು: ಬಿಸಿ ಜೋಳದ ರೊಟ್ಟಿ ಇಲ್ಲವೇ ಖಡಕ್ ರೊಟ್ಟಿ, ಎಣ್ಣೆಗಾಯಿ, ಝುಣಕ, ಪುಂಡಿಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೊಸರು, ಕಚ್ಚಲು ಉಳ್ಳಾಗಡ್ಡಿ. ಜೋಳ ಮಾಲದಂಡಿಯದೇ ಎಂದು ಕೇಳಿ ನೋಡಿ. ಹೌದೆಂದರೆ ಬಡಿಸುವವರ ದನಿಯಲ್ಲೇ ಗತ್ತು ಕೇಳಿಸುತ್ತದೆ. ಉಳಿದುಕೊಳ್ಳಲು ಮಾತ್ರ ವಿಜಯಪುರವೇ ಸರಿ, ತಾಲ್ಲೂಕು ಊರುಗಳಲ್ಲಿ ಸೌಕರ್ಯ ಕಡಿಮೆ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳು ಹೆದ್ದಾರಿಯ ಮೇಲೆ ಸಾಕಷ್ಟಿವೆ. ಶಿವಣಗಿ, ಮಸಬಿನಾಳದಂಥ ಒಳಊರುಗಳಿಗೆ ಟಂಟಂ ಹಿಡಿಯಬೇಕು ಅಥವಾ ಸ್ವಂತ ಗಾಡಿ ಇರಬೇಕು. ರೈಲಿನಲ್ಲಿ ಬರುವವರು 'ಇಂಡಿ ರೋಡ್', 'ಬಸವನ ಬಾಗೇವಾಡಿ ರೋಡ್' ಎಂಬ ಬೋರ್ಡು ಕಂಡು ಊರು ಬಂತೆಂದು ಇಳಿದರೆ ಬಯಲಲ್ಲಿ ನಿಲ್ಲುತ್ತೀರಿ. ರೈಲ್ವೆಯವರು ಹೆಸರಿಗೆ 'ರೋಡ್' ಹಚ್ಚಿದರೆ ಊರು ಅಲ್ಲಿಲ್ಲ, ಅಲ್ಲಿಂದ ರಸ್ತೆಯಿದೆ ಎಂದಷ್ಟೇ ಅರ್ಥ.

ಏಪ್ರಿಲ್, ಮೇ ತಿಂಗಳಲ್ಲಿ ದಯವಿಟ್ಟು ಬರಬೇಡಿ. ಬಿಸಿಲು ನಲವತ್ತು ಡಿಗ್ರಿ ದಾಟಿ ನಿಂತಿರುತ್ತದೆ, ನೋಡುವ ಉಮೇದು ಹತ್ತು ಗಂಟೆಗೇ ಮುಗಿಯುತ್ತದೆ. ಮಳೆಗಾಲದ ಎರೆ ಮಣ್ಣು ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಸರಿಯಾದ ಕಾಲ. ಎದೆಮಟ್ಟ ಜೋಳ, ತೊಗರಿಯ ಹಳದಿ ಹೂವು, ತಂಪು ಗಾಳಿ. ಹೊಲದ ಬದುವಿನಲ್ಲಿ ಎಳೆ ತೆನೆ ಸುಟ್ಟು ಉಜ್ಜಿ ಕೊಡುವ ಸೀತನಿಯ ಕಾಲವೂ ಇದೇ. ಇನ್ನೂ ಸರಿಯಾದ ದಿನ ಬೇಕೆಂದರೆ ಪಂಚಾಂಗ ನೋಡಿ ಎಳ್ಳ ಅಮಾವಾಸ್ಯೆಗೆ ಬನ್ನಿ. ಅವತ್ತು ಈ ನಾಡಿನ ಊರುಗಳು ಖಾಲಿ, ಹೊಲಗಳು ಭರ್ತಿ. ಚರಗ ಚೆಲ್ಲಿ ಭೂಮಿತಾಯಿಗೆ ಉಣ್ಣಿಸಿದ ಮೇಲೆ ಮನೆಮಂದಿ ಸಾಲಾಗಿ ಕೂರುತ್ತಾರೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಹಿಂಡಿಪಲ್ಯ, ಶೇಂಗಾ ಹೋಳಿಗೆ. ರಸ್ತೆಯ ಮೇಲೆ ಗಾಡಿ ನಿಧಾನ ಮಾಡಿದರೆ ಸಾಕು, ಗುರುತು-ಪರಿಚಯ ಕೇಳದೆ "ಬರ್ರಿ, ಉಣ್ಣು ಬರ್ರಿ" ಎಂದು ಕೈಬೀಸಿ ಕರೆಯುತ್ತಾರೆ. ಅವತ್ತು ಗುಡಿಗಳನ್ನು ಬೆಳಿಗ್ಗೆ ಎಂಟರೊಳಗೆ ನೋಡಿ ಮುಗಿಸಿ, ತಿಂಡಿ ತಿನ್ನದೆ ಹೊರಡಿ.